ಮಾವನಿಗೆ ಎರಡನೇ ಸಲ

ಮಗನ ಕೈಯಲ್ಲಿದ್ದ ಬಿಳಿ ಅಂಗಿಯನ್ನು ಜಲಜ ಕಿತ್ತುಕೊಂಡು ಮತ್ತೆ ಟ್ರಂಕಿನೊಳಗೆ ಇಟ್ಟಳು. ಪ್ಲಾಸ್ಟಿಕ್ ಕವರಿನಿಂದ ಅರ್ಧ ಹೊರಗೆ ಬಂದಿದ್ದ ಅಂಗಿ. ಕಾಲರಿನೊಳಗಿನ ರಟ್ಟು, ಎದೆಯ ಮೇಲಿನ ಗುಂಡುಸೂಜಿಗಳು ಅಂಗಡಿಯಿಂದ ಬಂದ ಹಾಗೇ ಇದ್ದವು.

“ಅಮ್ಮ, ಹೊಸ್ತ್ ಅಂಬುದ್ ಇದೊಂದೇ ಇಪ್ಪುದ್. ಮಾವನಿಗೆ ಇದನ್ನೇ ಹಾಕ್ವ,” ಎಂದ ರತನ್.

“ಅದ್ ಬ್ಯಾಡ.”

“ಎಂತಕ್ಕೆ?”

“ಬ್ಯಾಡ ಅಂದ್ರೆ ಬ್ಯಾಡ. ಒಗ್ದ್ ಮಡ್ಸಿಟ್ಟ ನೀಲಿ ಅಂಗಿ ಇತ್ತಲೆ, ಅದನ್ನ ಹಾಕಿ.”

ಬಾಗಿಲಲ್ಲಿ ರತ್ನಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಪಕ್ಕದ ಮನೆಯವಳು. ಮರವಂತೆಯ ಈ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವಳು ಅವಳೇ, ಕೊನೆಗೆ ಹೋಗುವವಳೂ ಅವಳೇ. ನಡುವಿನ ಹೊತ್ತಿನಲ್ಲಿ ಉಳಿದವರೆಲ್ಲ ಮಾಡುವ ತಪ್ಪುಗಳನ್ನು ಎಣಿಸುವುದೂ ಅವಳೇ. “ಎಂತ ಹೆಣೆ ನಿಂದ್ ಹಟ? ಇದ್ದಾಗಳ್ ಅಂವ ಹಾಕ್ಕಂಬ್ಲಿಲ್ಲ, ಈಗಳಾರೂ ಹಾಕ್ಕಂಡ್ ಹೋಯ್ಲಿ,” ಎಂದಳು.

ಜಲಜ ಟ್ರಂಕಿನ ಚಿಲಕ ಹಾಕಿ ಅದರ ಮೇಲೇ ಕುಳಿತುಬಿಟ್ಟಳು.

ನಡುಮನೆಯಲ್ಲಿ ಚಾಪೆಯ ಮೇಲೆ ಮಂಜ ಮಲಗಿದ್ದ. ಜಲಜನ ಅಣ್ಣ. ತಲೆಯ ಹತ್ತಿರ ತೆಂಗಿನಕಾಯಿ ಹೋಳಿನಲ್ಲಿ ದೀಪ ಉರಿಯುತ್ತಿತ್ತು. ನಿನ್ನೆ ಸಂಜೆ ಐದರ ಹೊತ್ತಿಗೆ ಜಗಲಿಯ ಕಂಬಕ್ಕೆ ಒರಗಿ ಚಾ ಕುಡಿದು, ಲೋಟ ಕೆಳಗಿಟ್ಟವನು ಹಾಗೇ ಕುಳಿತಿದ್ದ. ನಿದ್ದೆ ಎಂದುಕೊಂಡು ಜಲಜ ಅವನನ್ನು ದಾಟಿಕೊಂಡೇ ಎರಡು ಸಲ ಓಡಾಡಿದಳು; ಮಳೆ ಬಂತೆಂದು ಒಣಮೀನಿನ ಬುಟ್ಟಿ ಒಳಗೆ ತಂದಳು. ಮೂರನೇ ಸಲ ಲೋಟ ಎತ್ತಲು ಬಗ್ಗಿದಾಗ ಅವನ ಕೈ ತಣ್ಣಗಿತ್ತು. ಮೂವತ್ತೈದು ವರ್ಷ ಗಂಗೊಳ್ಳಿಯ ಬೋಟುಗಳಲ್ಲಿ ಬಲೆ ಎಳೆದ ಮನುಷ್ಯ, ಕೊನೆಗೆ ಯಾರ ಕೈಯಿಂದಲೂ ಒಂದು ಸೇವೆ ಮಾಡಿಸಿಕೊಳ್ಳದೆ ಹೋಗಿದ್ದ. ಮದುವೆ ಅವನಿಗೆ ಆಗಲೇ ಇಲ್ಲ. ಹೆಣ್ಣು ನೋಡುವ ಮಾತು ಬಂದಾಗಲೆಲ್ಲ ಬೋಟು ಹೊರಟಿರುತ್ತಿತ್ತು ಎಂದು ಕೇರಿಯವರು ನಗಾಡುತ್ತಿದ್ದರು. ಜಲಜನ ಗಂಡ ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಅವಳ ಎರಡು ಮಕ್ಕಳೇ ಅವನ ಮಕ್ಕಳು.

ಆ ಎರಡರಲ್ಲಿ ಒಂದು ಇಲ್ಲಿತ್ತು. ರತನ್ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವ. ಸುದ್ದಿ ತಿಳಿದ ಕೂಡಲೇ ಬೈಕ್ ಹತ್ತಿ ಬಂದಿದ್ದ. ಇನ್ನೊಂದು, ದಿವ್ಯಾ, ಮುಂಬಯಿಯಿಂದ ರೈಲಿನಲ್ಲಿ ಬರುತ್ತಿದ್ದಳು. ಹನ್ನೊಂದಕ್ಕೆ ಮುಟ್ಟಬೇಕಿತ್ತು. ಈಗ ಹನ್ನೊಂದೂವರೆ.

ರತನ್‌ನ ಫೋನು ಬಡಿದುಕೊಂಡಿತು. ಅವನು ಅಮ್ಮನ ಕಿವಿಗೆ ಹಿಡಿದ.

“ಅಮ್ಮ, ರೈಲ್ ಬೆಳಿಗ್ಗಿಂದ ನಿಂತಲ್ಲೇ ನಿತ್ತಿತ್. ಮುಂದೆ ಹಳಿ ಮೇಲ್ ಮಣ್ಣ್ ಜರ್ದಿತ್ತ್ ಗಡ. ಮಾವನ್ನ ತಕಂಡ್ ಹೋಪುದ್ ಬ್ಯಾಡ ಅಮ್ಮ. ನಾ ಬಪ್ಪತನ್ಕ ಕಾಯಿ. ನಾ ಮಾವನಿಗ್ ಒಂದ್ ಬಾಕಿ ಇಟ್ಟಿದ್ದೆ ಅಮ್ಮ, ನಿಂಗೊತ್ತಿತ್ತಲೆ.”

“ಗೊತ್ತಿತ್ತ್ ಮಗಾ,” ಎಂದಳು ಜಲಜ.

*

ಸಾವಿರದ ಒಂಬೈನೂರ ತೊಂಬತ್ತೇಳು. ವಿಜಯದಶಮಿಯ ದಿನ ಐದು ವರ್ಷದ ರತನ್ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯಬೇಕಿತ್ತು. ಅಪ್ಪ ಇಲ್ಲದ ಹುಡುಗ. ಬೆರಳು ಹಿಡಿದು ಬರೆಸಬೇಕಾದವನು ಸೋದರಮಾವ. ಮಂಜ ನವರಾತ್ರಿ ಮುಗಿಯುವುದರೊಳಗೆ ಬರುತ್ತೇನೆಂದು ಹೇಳಿ ಬೋಟು ಹತ್ತಿದ್ದ. ಮೀನು ಸಿಗಲಿಲ್ಲವೆಂದು ಬೋಟು ಇನ್ನೂ ಮೇಲಕ್ಕೆ ಹೋಯಿತು. ಜಲಜ ಮಧ್ಯಾಹ್ನದವರೆಗೆ ಹೆದ್ದಾರಿಯ ಕಡೆ ನೋಡಿ ನೋಡಿ, ಕೊನೆಗೆ ಶಾಲೆಯ ಮಾಸ್ತರರನ್ನೇ ಕರೆದು ಬರೆಸಿದಳು.

ಮೂರು ದಿನ ಬಿಟ್ಟು ಮಂಜ ಬಂದ. ಒಂದು ಕೈಯಲ್ಲಿ ತೆಂಗಿನ ಗರಿಗೆ ಪೋಣಿಸಿದ ಅಂಜಲ್ ಮೀನು, ಇನ್ನೊಂದರಲ್ಲಿ ಕೆಂಪು ಅಂಚಿನ ಸ್ಲೇಟು.

“ಆಯ್ತಾ?” ಎಂದು ಅಂಗಳದಿಂದಲೇ ಕೇಳಿದ.

“ಮುಹೂರ್ತ ಕಾಯ್ತಿಲ್ಲ ಅಣ್ಣ,” ಎಂದಳು ಜಲಜ. ಬರೆದ ಅಕ್ಕಿಯನ್ನು ಪಾಯಸ ಮಾಡಿ ಉಂಡೂ ಆಗಿತ್ತು.

ಮಂಜನ ಮುಖ ಸಣ್ಣದಾಯಿತು. ಮೀನನ್ನು ಎಲ್ಲಿಡಬೇಕೆಂದೇ ತಿಳಿಯದವನ ಹಾಗೆ ನಿಂತ. ಆಗ ಹತ್ತು ವರ್ಷದ ದಿವ್ಯಾ ಬಾಗಿಲಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು.

“ಹೊರ್ಗೇ ನಿಲ್ ಮಾವ. ನಾವಿನ್ನೂ ಸುರು ಮಾಡ್ಲಿಲ್ಲ!”

ಮಂಜ ತೆಂಗಿನ ಮರದ ಹಿಂದೆ ಹೋಗಿ ಬೆನ್ನು ತಿರುಗಿಸಿ ನಿಂತ. ಒಳಗೆ ದಿವ್ಯಾ ಚಾಪೆ ಹಾಸಿದಳು, ದೀಪ ಹಚ್ಚಿಸಿದಳು. ಬೆಳ್ತಿಗೆ ಅಕ್ಕಿ ಮುಗಿದಿತ್ತಾದ್ದರಿಂದ ಹರಿವಾಣಕ್ಕೆ ಕುಚ್ಚಲಕ್ಕಿ ಸುರಿದಳು. ತಮ್ಮನ ತೊಡೆ ಚಿವುಟಿ, “ನಿಂಗ್ ಬರುಕೆ ಬತ್ತಿಲ್ಲ, ನೆನ್ಪಿಟ್ಕೋ,” ಎಂದು ತಾಕೀತು ಮಾಡಿದಳು. ಆಮೇಲೆ, “ಮಾವಾ, ಈಗ ಬಾ!”

ಮಂಜ ಬಂದು ಚಕ್ಕಳಮಕ್ಕಳ ಹಾಕಿ ಕುಳಿತು ಅಳಿಯನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಬಲೆಯ ಹಗ್ಗಕ್ಕೆ ಒಡೆದು ಗಟ್ಟಿಯಾದ ಬೆರಳು, ಕುಚ್ಚಲಕ್ಕಿಯ ಮೇಲೆ ಪುಟ್ಟ ಬೆರಳನ್ನು ಹಿಡಿದು ನಿಧಾನಕ್ಕೆ ಹೋಯಿತು. ತನ್ನ ಹೆಸರಿನ ಆಚೆ ಮಂಜನಿಗೆ ಬರೆಯಲು ಬರುತ್ತಿರಲಿಲ್ಲ. ಎರಡನೇ ಅಕ್ಷರದಲ್ಲಿ ಮಾವ ತಪ್ಪಿದ. ಅಳಿಯ ಸುಮ್ಮನೆ ತಿದ್ದಿದ. ಯಾರೂ ನಗಲಿಲ್ಲ. ಮಂಜನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಅಲ್ಲಿಂದ ಮುಂದೆ ಅದು ಆ ಮನೆಯ ಪದ್ಧತಿಯೇ ಆಯಿತು. ಏನು ನಡೆದರೂ ಎರಡು ಸಲ. ದಿವ್ಯಾ ದೊಡ್ಡವಳಾದಾಗ ಎರಡು ಸಲ ಆರತಿ. ಹತ್ತನೇ ಕ್ಲಾಸು ಪಾಸಾದಾಗ ಅಂಕಪಟ್ಟಿ ಮಡಚಿ ಕಪಾಟಿನಲ್ಲಿಟ್ಟು, ಮಾವ ಬಂದ ಮೇಲೆ ಅದೇ ಈಗ ಬಂತೆಂಬಂತೆ ತೆಗೆದು ನೋಡಿ ಕಿರುಚಿದಳು. ರತನ್ ಮಲ್ಪೆಗೆ ಕೆಲಸ ಕಲಿಯಲು ಹೋದದ್ದಂತೂ ಕೇರಿಯವರೆಲ್ಲ ಆಡಿಕೊಳ್ಳುವ ಕತೆ. ಹುಡುಗ ಹೋಗಿ ಎರಡು ವಾರವಾಗಿತ್ತು, ಭಾನುವಾರಕ್ಕೆಂದು ಮನೆಗೆ ಬಂದಿದ್ದ. ಕಡಲಿನಿಂದ ಬಂದ ಮಾವನಿಗಾಗಿ ಮತ್ತೆ ಚೀಲ ತುಂಬಿ, ಅಮ್ಮನ ಕಾಲಿಗೆ ಬಿದ್ದು, ಬಸ್ಸು ಹತ್ತಿದ. ಮಂಜ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದ. ರತನ್ ಪಕ್ಕದ ತ್ರಾಸಿಯಲ್ಲಿ ಇಳಿದು, ನಡೆದುಕೊಂಡು ವಾಪಸು ಬಂದು, ಮಾವನ ಪಕ್ಕದಲ್ಲೇ ಕುಳಿತು ಊಟ ಮಾಡಿದ.

ಮಕ್ಕಳು ಬೆಳೆಯುವ ಮನೆಯಲ್ಲಿ ಎರಡು ಸಲಕ್ಕೆ ಬರಗಾಲವಿಲ್ಲ. ಅವರು ಹೊರಟುಹೋದ ಮೇಲೆ ಒಂದನೇ ಸಲವೇ ಬೇರೆ ಎಲ್ಲೋ ನಡೆಯುತ್ತದೆ.

*

“ಹ್ವಾಯ್ ಜಲಜಕ್ಕ, ಕಡ್ಲ್ ನಮ್ಮ್ ಮಾತ್ ಕೇಣುದಿಲ್ಲ,” ಎಂದ ಸೂರ. ಚಿತೆ ಒಟ್ಟುವವನು ಅವನು. ಸಮುದ್ರದ ಬದಿಯಿಂದ ನೇರ ಬಂದವನ ಲುಂಗಿ ಮೊಣಕಾಲಿನವರೆಗೆ ಒದ್ದೆಯಾಗಿತ್ತು. “ಐದ್ ಗಂಟಿಗ್ ನೀರ್ ಮೇಲ್ ಬತ್ತ್. ಹ್ವಾದ್ ಮಳಿಗಾಲದಂಗೆ ಸುಡ್ಗಾಡ್ ಶೆಡ್ಡಿನ್ ಎರಡ್ ಕಂಬ ಹೋಯ್ತ್. ಈಗ ಉಳ್ದದ್ ಒಂಚೂರ್ ಜಾಗ. ಅರ್ಧ ಸುಟ್ಟದ್ದನ್ನ ಕಡ್ಲಿಗ್ ಕೊಡುಕಾತ್ತಾ, ಹೇಳಿ?”

ಹೆದ್ದಾರಿಯ ಆಚೆ ಬದಿ ಕಡಲು, ಈಚೆ ಬದಿ ಹೊಳೆ. ನಡುವಿನ ಪಟ್ಟಿಯಲ್ಲಿ ಬದುಕಿದ್ದವರಿಗೇ ಜಾಗ ಸಾಲದು. ಸತ್ತವರ ಜಾಗವನ್ನು ಕಡಲು ವರ್ಷಕ್ಕಿಷ್ಟು ತಿನ್ನುತ್ತ ಬಂದಿತ್ತು. ಕಲ್ಲು ಹಾಕಿದ್ದೂ ಆಗಿತ್ತು, ಕಲ್ಲು ಹೋದದ್ದೂ ಆಗಿತ್ತು.

ಅಂಗಳದ ಟಾರ್ಪಾಲಿನ ಕೆಳಗೆ ಕುರ್ಚಿಯಲ್ಲಿದ್ದ ಭೋಜರಾಜ ಗಂಟಲು ಸರಿಮಾಡಿಕೊಂಡ. ಜಲಜನಿಗೆ ದೊಡ್ಡಮ್ಮನ ಮಗ, ಊರಿನ ನಾಲ್ಕು ಜನ ಮಾತು ಕೇಳುವ ಮನುಷ್ಯ. “ಒಂದ್ ರಾತ್ರಿ ಇಟ್ಕಂಡಾಯ್ತ್ ಜಲಜ. ಹುಡ್ಗಿ ದುಕ್ಕ ನಮ್ಗೂ ಗೊತ್ತಿತ್ತ್. ಆರೆ ಹೆಣ್ಣ್ ಮಕ್ಳ್ ಬಪ್ಪುಕೇ ಬೇಕ್ ಅಂಬ ಶಾಸ್ತ್ರ ಇಲ್ಲ. ಬೆಂಕಿ ಕೊಡುಕೆ ಅಳಿಯ ಇದ್ದ.”

“ಶಾಸ್ತ್ರಕ್ ಅಲ್ಲ ಅಣ್ಣ ಅವ್ಳ್ ಬಪ್ಪುದ್,” ಎಂದಳು ಜಲಜ.

“ಮತ್ತೆಂತಕ್?”

ಹೇಗೆ ಹೇಳುವುದು? ನಾಲ್ಕು ಜನರ ಎದುರು ಹೇಳಿದರೆ ಅದು ಮಕ್ಕಳಾಟವೇ. ಜಲಜ ಸೆರಗಿನಿಂದ ಮುಖ ಒರೆಸಿಕೊಂಡಳು. “ಎರಡ್ ಗಂಟಿವರಿಗ್ ಕಾಯಿ. ಅಷ್ಟರೊಳ್ಗ್ ಬರ್ದಿದ್ರೆ ನಾ ಒಂದ್ ಮಾತೂ ಆಡುದಿಲ್ಲ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಆಯ್ಲಿ,” ಎಂದ ಸೂರ. “ಎರಡರ್ ಮೇಲ್ ಒಂದ್ ನಿಮ್ಷವೂ ಇಲ್ಲ.”

ಕಾಯುವುದು, ಕಾಯದೇ ಇರುವುದು ಎರಡೂ ಜಲಜನಿಗೆ ಹೊಸತಲ್ಲ. ಈ ಜಾಗದಲ್ಲಿ ಅವಳು ಮೊದಲೊಮ್ಮೆ ನಿಂತಿದ್ದಳು. ಆಗ ತೀರ್ಮಾನ ಅವಳ ಕೈಯಲ್ಲೇ ಇತ್ತು.

*

ಎರಡು ಸಾವಿರದ ಹತ್ತರ ಮೇ ತಿಂಗಳು. ದಿವ್ಯಾಳಿಗೆ ಶಿರೂರಿನ ಸಂಬಂಧ. ಹುಡುಗ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುವವ. ಮಂಜ ಗಂಗೊಳ್ಳಿಯ ಅಂಗಡಿಯಲ್ಲಿ ತಾನೇ ನಿಂತು ಬಿಳಿ ಅಂಗಿ ಆರಿಸಿದ. ಅದನ್ನು ಮನೆಯಲ್ಲಿ ಬಿಡದೆ ಬೋಟಿಗೇ ತೆಗೆದುಕೊಂಡು ಹೋದ. ಬಂದರಿನ ದಕ್ಕೆಯಲ್ಲಿ ಇಳಿದವನು ನೇರ ಮದುವೆ ಹಾಲಿಗೇ ಬರಬೇಕಲ್ಲ! “ಈ ಒಂದ್ ಮಾತ್ರ ಒಂದ್ನೇ ಸಲವೇ ಕಾಂತೆ,” ಎಂದು ಮದುಮಗಳ ತಲೆ ಸವರಿ ಹೋಗಿದ್ದ.

ಬೋಟು ಕೆಟ್ಟಿತು. ಇನ್ನೊಂದು ಬೋಟು ಎಳೆದುಕೊಂಡು ಬರುತ್ತಿದೆ ಎಂದು ಸುದ್ದಿ ಬಂತು. ಮದುಮಗಳನ್ನು ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನ ಜಾಗದಲ್ಲಿ ಭೋಜರಾಜ ನಿಂತ. ಧಾರೆಯಾಯಿತು, ಊಟವಾಯಿತು. ನಾಲ್ಕು ಗಂಟೆಗೆ ಮದುಮಕ್ಕಳನ್ನು ಹೊರಡಿಸುವ ಹೊತ್ತಿಗೆ ಫೋನು. ಬೋಟು ಗಂಗೊಳ್ಳಿಯ ಅಳಿವೆಯ ಹೊರಗೆ ಬಂದು ನಿಂತಿದೆ. ಇಳಿತವಿದ್ದುದರಿಂದ ಒಳಗೆ ಬರಲಾಗುತ್ತಿಲ್ಲ. ನೀರು ಏರಲು ಒಂದು ಗಂಟೆ ಸಾಕು.

“ಅಮ್ಮ, ಒಂದ್ ಗಂಟಿ ಕಾಯ್ವ,” ಎಂದಳು ದಿವ್ಯಾ. ಹೂವಿನ ಭಾರಕ್ಕೆ ತಲೆ ಎತ್ತಲೂ ಆಗುತ್ತಿರಲಿಲ್ಲ.

ಗಂಡಿನ ಕಡೆಯ ಹಿರಿಯರು ವಾಚು ನೋಡಿಕೊಂಡರು. ದೀಪ ಹಚ್ಚುವುದರೊಳಗೆ ಸೊಸೆ ಮನೆ ಹೊಗಬೇಕು. ಯಾರೂ ಬೇಡವೆನ್ನಲಿಲ್ಲ, ಎಲ್ಲರೂ ಜಲಜನ ಮುಖ ನೋಡಿದರು. ಹೊಸ ಬೀಗರ ಎದುರು ಮೊದಲ ದಿನವೇ ಮಾತು ಬರಬಾರದು ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು.

“ಹೊರಡ್ ಮಗಾ. ಮಾವನಿಗ್ ಹೇಂಗೂ ಎರಡ್ನೇ ಸಲ ಇತ್ತಲೆ.”

ಆ ಪದ್ಧತಿ ಇಲ್ಲದೇ ಹೋಗಿದ್ದರೆ ಕಾಯುತ್ತಿದ್ದಳೋ ಏನೋ.

ಐದೂಕಾಲಕ್ಕೆ ಮಂಜ ಬಂದ. ಅಂಗಿ ಇನ್ನೂ ಕವರಿನಲ್ಲೇ ಇತ್ತು. ಹಾಲಿನವರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಅವನು ಮಂಟಪದ ಹತ್ತಿರ ಹೋಗಿ, ಉದುರಿದ ಅಕ್ಕಿಕಾಳುಗಳ ಮೇಲೆ ಕಾಲಿಡದ ಹಾಗೆ ನಿಂತು ನೋಡಿದ. ಅಡಿಗೆಯವರು ಉಳಿದದ್ದನ್ನು ಬಡಿಸಿದರು. ಉಣ್ಣುತ್ತ, “ಹುಡ್ಗಿ ಮರ್ಕಿದ್ಲಾ?” ಎಂದು ಕೇಳಿದ.

“ಮರ್ಕ್ದೆ ಇರ್ತಾಳಾ? ಹಾಲಂಗಿಪ್ಪರೆಲ್ಲ ಕಣ್ಣ್ ಒರ್ಸ್ಕಂಡ್ರ್.”

“ಅಡ್ಡಿಲ್ಲ. ಎರಡ್ನೇ ಸಲಕ್ ಬತ್ತ್ ಅಲ್ದಾ,” ಎಂದು ಮಂಜ ಎಲೆ ಮಡಚಿದ.

ಮರುವರ್ಷ ಕಣ್ಣು ಮಂಜಾಗಿ ಅವನು ಬೋಟು ಬಿಟ್ಟ. ಕಡಲಿಗಿಳಿದಂದಿನಿಂದ ಮೊದಲ ಬಾರಿಗೆ ವರ್ಷವಿಡೀ ನೆಲದ ಮೇಲೆ ಇರುವವನಾದ. ಮನೆಯಲ್ಲಿ ನೋಡಲು ಏನೂ ಇರಲಿಲ್ಲ. ದಿವ್ಯಾ ಬಸುರಾದದ್ದು, ಹೆತ್ತದ್ದು, ಮಗು ಹಲ್ಲು ಕಟ್ಟಿದ್ದು ಎಲ್ಲ ಫೋನಿನಲ್ಲಿ. ಯಾರದ್ದು ಯಾವ ದಿನ ಎಂದು ಅವನಿಗೆ ಬಾಯಿಪಾಠವಿತ್ತು. ಮಕ್ಕಳ ಹುಟ್ಟುಹಬ್ಬಕ್ಕೆ ಜಲಜನಿಂದ ಅರಶಿನೆಲೆ ಕಡುಬು ಮಾಡಿಸುವನು; ಇಬ್ಬರೇ ಎದುರುಬದುರು ಕುಳಿತು ತಿನ್ನುವರು. ಬಾಕಿ ಉಳಿದ ಎರಡನೇ ಸಲದ ಮದುವೆಯ ಬಗ್ಗೆ ಫೋನಿನಲ್ಲಿ ಮಾತ್ರ ಒಂದೇ ಪ್ರಶ್ನೆ: “ನಮ್ಮ್ ಮದಿ ಯಾವತ್ತ್ ಮಗಾ?”

“ಮುಂದಿನ್ ಸಲ ಮಾವ,” ಎನ್ನುವಳು ದಿವ್ಯಾ.

ಕಳೆದ ವರ್ಷ ಅವಳು ಗಂಡ, ಮಗುವಿನ ಜೊತೆ ಎರಡು ದಿನಕ್ಕೆ ಬಂದಳು. ಹೊರಡುವ ಬೆಳಿಗ್ಗೆ ಮಂಜ ಮಿಂದು, ಬಿಳಿ ಅಂಗಿಯ ಸೂಜಿಗಳನ್ನು ಬಿಚ್ಚಿ, ಮಂಚದ ಮೇಲೆ ಹರವಿಟ್ಟು ಕಾಯುತ್ತಿದ್ದ. ಅಂಗಳದಲ್ಲಿ ಕೊಲ್ಲೂರಿಗೆ ಹೋಗುವ ಕಾರು ಹಾರನ್ ಹಾಕುತ್ತಿತ್ತು. ಗಂಡ, ಮಗು, ಶಿರೂರಿನಿಂದ ಬಂದಿದ್ದ ಅತ್ತೆ, ನಾದಿನಿ ಒಳಗೆ ಕುಳಿತಾಗಿತ್ತು. ದಿವ್ಯಾ ಅಂಗಿ ನೋಡಿದಳು, ಕಾರು ನೋಡಿದಳು, ನಾಚಿಕೊಂಡು ನಕ್ಕಳು.

“ಮಾವ, ಅದೆಲ್ಲ ಸಣ್ಣಕಿಪ್ಪತಿಗಿನ ಮಕ್ಳಾಟ ಅಲ್ದಾ?”

“ಹೌದ್ ಹೌದ್,” ಎಂದ ಮಂಜನೂ ನಕ್ಕು. “ಆಟವೇ. ನೀ ಹೊರಡ್, ಹೊತ್ತಾಯ್ತ್.”

ಕಾರು ಹೋದ ಮೇಲೆ ಜಲಜ ಬಾಗಿಲಲ್ಲಿ ನಿಂತು ನೋಡಿದಳು. ಅಣ್ಣ ಅಂಗಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು, ಗುಂಡುಸೂಜಿಗಳನ್ನು ಮೊದಲಿದ್ದ ತೂತುಗಳಲ್ಲೇ ಮತ್ತೆ ಚುಚ್ಚುತ್ತಿದ್ದ. ಕಣ್ಣು ಸರಿ ಕಾಣದೆ ಎರಡು ಸಲ ಬೆರಳಿಗೆ ಚುಚ್ಚಿಕೊಂಡ. ರಕ್ತ ಅಂಗಿಗೆ ತಾಗದ ಹಾಗೆ ಬೆರಳನ್ನು ಬಾಯಿಗಿಟ್ಟುಕೊಂಡ.

ಇದನ್ನು ಅವಳು ಫೋನಿನಲ್ಲಿ ದಿವ್ಯಾಳಿಗೆ ಹೇಳಿದ್ದಳು. “ಮುಂದಿನ್ ಸಲ ಬಂದ್ ಕೂಡ್ಲೆ ಮಾಡ್ವ ಅಂದೇಳಿ ಮಾವನಿಗ್ ಹೇಳ್ ಅಮ್ಮ,” ಎಂದಿದ್ದಳು ದಿವ್ಯಾ.

*

ಒಂದು ಗಂಟೆಗೆ ಉಮಾನಾಥ ಬಂದ. ಮಂಜ ಕೊನೆಯ ಹದಿನೆಂಟು ವರ್ಷ ದುಡಿದ ಬೋಟನ್ನು ನಡೆಸುವ ತಾಂಡೇಲ ಅವನು. ಹೆಣದ ಕಾಲಿಗೆ ಕೈ ಮುಗಿದು, ಗಂಡಸರ ಗುಂಪಿಗೆ ಹೋಗದೆ ಜಲಜನ ಎದುರು ನೆಲದ ಮೇಲೇ ಕುಳಿತ.

“ಹುಡ್ಗಿ ಬರ್ಲಿಲ್ಲ ಅಲ್ದಾ?”

“ರೈಲ್ ನಿತ್ತಿತ್ ಗಡ.”

ಉಮಾನಾಥ ಗಂಡಸರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ನಿಮ್ಗ್ ಗೊತ್ತಿಲ್ದೆ ಇಪ್ಪುದ್ ಒಂದ್ ಇತ್ತ್ ಜಲಜಕ್ಕ. ಅವ್ಳ್ ಮದಿ ದಿನ ನಮ್ಮ್ ಬೋಟ್ ಕೆಟ್ಟ್, ಇನ್ನೊಂದ್ ಬೋಟ್ ಎಳ್ಕಂಡ್ ಬತ್ತಿತ್ತಲೆ. ಮುಹೂರ್ತ ಎಷ್ಟೊತ್ತಿಗ್ ಅಂದೇಳಿ ಮಂಜ ಕೇಂಡ್ಕಂಡೇ ಬಂದಿದ್ದ. ಹನ್ನೊಂದ್ ಇಪ್ಪತ್ತ್. ಅದ್ಕ್ ಸಮಾ ಕಾಲ್ ಗಂಟಿ ಇಪ್ಪತಿಗೆ, ಕುಡುಕೆ ಇಟ್ಟ ನೀರಂಗೆ ಮಿಂದ. ನಾ ಬೈದೆ. ಕುಡು ನೀರ್ ಖಾಲಿ ಆಪು ಹೊತ್ತ್ ಅದ್. ಅಂವ ಕೇಣ್ಲೇ ಇಲ್ಲ. ಎಲ್ಲರ್ ಕೈಗೂ ಒಂದೊಂದ್ ತುಂಡ್ ಬೆಲ್ಲ ಕೊಟ್ಟ. ಮತ್ತೆ...”

“ಮತ್ತೆಂತ?”

“ಕೈ ಹೀಂಗ್ ಹಿಡ್ಕಂಡ.” ಉಮಾನಾಥ ತನ್ನ ಬಲಗೈಯನ್ನು ಪಕ್ಕಕ್ಕೆ ಚಾಚಿ, ಬೆರಳುಗಳನ್ನು ಅರ್ಧ ಮಡಚಿದ. ಸಣ್ಣ ಕೈಯೊಂದನ್ನು ಹಿಡಿದ ಹಾಗೆ. “ಬೋಟಿನ್ ಹಿಂದಿಂದ ಮುಂದಿನ್ ವರಿಗೆ ನೆಡ್ದ. ಎಂಟ್ ಹೆಜ್ಜಿ. ‘ಕರ್ಕಂಡ್ ಬಂದೆ’ ಅಂದ. ಹುಡ್ಗ್ರೆಲ್ಲ ನೆಗಾಡಿದ್ರ್. ನಾನೂ ನೆಗಾಡ್ದೆ. ಆರೆ ಅಂವ ಒಬ್ನೇ ನೆಡು ಹಾಂಗ್ ನೆಡಿಲಿಲ್ಲ ಕಾಣಿ, ಬದಿಯಂಗ್ ಒಬ್ರಿಗ್ ಜಾಗ ಬಿಟ್ಟ್ ನೆಡ್ದ.”

ಜಲಜ ಬಾಯಿಗೆ ಸೆರಗು ಒತ್ತಿಕೊಂಡಳು.

“ಮದಿಗ್ ಮಾತ್ರ ಅಲ್ಲ ಅಕ್ಕ. ರತನ್ ಮಲ್ಪಿಗ್ ಹೊರ್ಟ ದಿನವೂ ಬೋಟಿನ್ ಹಿಂದ್ ನಿಂತ್ ಕೈ ಬೀಸ್ದ. ಪ್ರತೀ ಸಲವೂ ಎಂತಾರೂ ಒಂದ್.”

ಇಷ್ಟು ವರ್ಷ ತಾವೇ ಅವನಿಗೆ ಎರಡನೇ ಸಲ ಮಾಡಿಕೊಡುತ್ತಿದ್ದೇವೆ ಎಂದು ಅವಳು ತಿಳಿದಿದ್ದಳು. ಒಂದನೇ ಸಲವನ್ನು ಅವನು ನೀರಿನ ನಡುವೆ ಒಬ್ಬನೇ ಮಾಡಿ ಮುಗಿಸಿ, ಅದನ್ನು ಯಾರಿಗೂ ಹೇಳದೆ, ಮನೆಯ ತೆಂಗಿನ ಮರದ ಹಿಂದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಅಣ್ಣನನ್ನು ಆಗ ಅವಳಿಗೆ ಎಬ್ಬಿಸಿ ಕೇಳಬೇಕೆನಿಸಿತು, ಯಾಕೆ ಹೇಳಲಿಲ್ಲವೆಂದು.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಫೋನು ಬಂತು.

“ಅಮ್ಮ, ರೈಲ್ ಹೊರಟಿತ್! ಐದ್ ಗಂಟಿಗ್ ಮನಿಯಂಗಿರ್ತೆ. ಮಾವ ಇದ್ದ ಅಲ್ದಾ?”

ಸೂರ ಬಾಗಿಲಿಗೆ ಬಂದು ನಿಂತಿದ್ದ. ಅವನ ಹಿಂದೆ ಚಟ್ಟ ಸಿದ್ಧವಾಗಿತ್ತು. ಜಲಜ ಅಣ್ಣನ ಮುಖ ನೋಡಿದಳು.

“ಇದ್ದ ಮಗಾ. ನೀ ಬಾ,” ಎಂದು ಫೋನು ಮಗನ ಕೈಗೆ ಕೊಟ್ಟಳು. ಅದು ಸುಳ್ಳಾಗಿರಲಿಲ್ಲ, ಇನ್ನೂ ಹತ್ತು ನಿಮಿಷ ಬಾಕಿ ಇತ್ತು.

ಬಾಯಿಗೆ ನೀರು ಬಿಡುವವರು ಒಬ್ಬೊಬ್ಬರಾಗಿ ಬಂದರು. ಜಲಜ ತುಳಸಿ ಎಲೆಯಿಂದ ಎರಡು ಸಲ ಬಿಟ್ಟಳು. “ಎರಡ್ ಸಲ ಎಂತಕ್ಕೆ?” ಎಂದಳು ರತ್ನಕ್ಕ. ಜಲಜ ತುಳಸಿ ಎಲೆಯನ್ನು ಮಗನ ಕೈಗೆ ಕೊಟ್ಟಳು. ಮಳೆ ಸ್ವಲ್ಪ ಬಿಟ್ಟಿತ್ತು. ರತನ್ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಲಾರಿಗಳನ್ನು ನಿಲ್ಲಿಸಿ ಹೆದ್ದಾರಿ ದಾಟಿದರು. ತೆಂಗಿನ ಮರಗಳ ನಡುವೆ ಹೊಗೆ ಏಳುವುದನ್ನು ಜಲಜ ಜಗಲಿಯಿಂದ ನೋಡಿದಳು. ಗಾಳಿ ಅದನ್ನು ಮನೆಯ ಕಡೆಗೇ ತಂದಿತು.

*

ಆಟೋ ಅಂಗಳದ ದಣಪೆಯ ಹತ್ತಿರ ನಿಂತಾಗ ಐದೂಕಾಲು. ಗಂಡಸರು ಸ್ನಾನ ಮಾಡಿ ಬಂದು ಟಾರ್ಪಾಲಿನ ಕೆಳಗೆ ಕಪ್ಪು ಚಾ ಕುಡಿಯುತ್ತಿದ್ದರು. ಒಳಗೆ ರತ್ನಕ್ಕ ನಡುಮನೆಯ ನೆಲ ಸಾರಿಸಿ ಮುಗಿಸಿದ್ದಳು. ದೀಪವೊಂದು ಮಾತ್ರ ಅದೇ ಜಾಗದಲ್ಲಿ ಉಳಿದಿತ್ತು.

ದಿವ್ಯಾ ಚೀಲವನ್ನು ಆಟೋದಲ್ಲೇ ಬಿಟ್ಟು ಓಡಿ ಬಂದಳು. ಅಂಗಳದ ನಡುವೆ ಬರುತ್ತಲೇ ಗಂಡಸರ ಒದ್ದೆ ತಲೆಗಳನ್ನು ಕಂಡಳು. ಕಾಲು ನಿಂತಿತು. ಅವಳು ಅಳಲಿಲ್ಲ. ಎಲ್ಲಿಗೆ ಬಂದೆ ಎಂದೇ ಮರೆತವಳ ಹಾಗೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಮೀನು ಹಿಡಿದುಕೊಂಡು ನಿಂತಿದ್ದ ಮಂಜನ ಮುಖವೇ ಅದು.

ಜಲಜ ಜಗಲಿಯಲ್ಲಿ ಎದ್ದು ನಿಂತು, ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿದಳು.

“ಹೊರ್ಗೇ ನಿಲ್ ಮಗಾ,” ಎಂದಳು. “ನಾವಿನ್ನೂ ಸುರು ಮಾಡ್ಲಿಲ್ಲ.”

ದಿವ್ಯಾ ಅಮ್ಮನನ್ನು ನೋಡಿದಳು. ಆಮೇಲೆ ಮೆಲ್ಲನೆ ಹೋಗಿ ತೆಂಗಿನ ಮರದ ಹಿಂದೆ ಬೆನ್ನು ತಿರುಗಿಸಿ ನಿಂತಳು.

“ಎಂತ ಹೆಣೆ, ಮರ್ಲಾ ನಿಂಗೆ?” ರತ್ನಕ್ಕನ ದನಿ ಏರಿತು. “ಸಾರ್ಸಿ ಆಯ್ತ್! ಇನ್ನೆಂತ ಸುರು ಮಾಡುದ್?”

ಜಲಜ ಒಳಗೆ ಹೋಗಿ ಟ್ರಂಕು ತೆರೆದಳು. ಬಿಳಿ ಅಂಗಿ ತೆಗೆದು ಎದೆಗೊತ್ತಿಕೊಂಡು ಬಂದಳು. ರತ್ನಕ್ಕ ಅಂಗಿ ನೋಡಿದಳು, ಕಿಟಕಿಯಿಂದ ತೆಂಗಿನ ಮರ ನೋಡಿದಳು. ಪಕ್ಕದ ಮನೆಯವಳಾಗಿ ಹದಿನೇಳು ವರ್ಷ ಈ ಅಂಗಳದ ಆಟವನ್ನು ಅವಳೂ ಕಂಡಿದ್ದವಳೇ. ಮೂಲೆಯ ಚಾಪೆ ತಂದು, ಸಾರಿಸಿದ ನೆಲದ ಮೇಲೆ, ದೀಪದ ಹತ್ತಿರ, ಮೊದಲಿದ್ದ ಜಾಗದಲ್ಲೇ ಹಾಸಿದಳು. ಹೊರಗೆ ಹೋಗಿ, “ಹ್ವಾಯ್, ಚಾ ಕುಡ್ದದ್ ಸಾಕ್, ಎಲ್ಲ ಒಳ್ಗ್ ಬನ್ನಿ,” ಎಂದು ಗಂಡಸರನ್ನು ಗದರಿದಳು. ರತನ್ ಬಂದ, ಉಮಾನಾಥ ಬಂದ. ಸೂರ ಬಾಗಿಲಲ್ಲಿ ಕೈಕಟ್ಟಿ ನಿಂತ. ಭೋಜರಾಜ ಒಮ್ಮೆ ಚಾಪೆಯತ್ತ ನೋಡಿ, ತಾನೇ ಹಿಂದೆ ಸರಿದು ಗೋಡೆಯ ಬದಿಗೆ ಹೋದ.

“ಮಗಾ, ಈಗ ಬಾ,” ಎಂದು ಜಲಜ ಕರೆದಳು.

ಅವಳು ಮಗಳನ್ನು ಚಾಪೆಯ ಹತ್ತಿರ ಬಿಡಲಿಲ್ಲ. ಒಳಕೋಣೆಗೆ ಕರೆದುಕೊಂಡು ಹೋಗಿ ಅಂಗಿಯನ್ನು ಕೈಯಲ್ಲಿಟ್ಟಳು. “ಬೋಟಂಗೆ ನಿನ್ ಕೈ ಹಿಡ್ಕಂಡ್ ಎಂಟ್ ಹೆಜ್ಜಿ ನೆಡ್ದಿದ್ದ ಗಡ, ನಿನ್ ಮದಿ ಹೊತ್ತಿಗೆ,” ಎಂದಷ್ಟೇ ಹೇಳಿದಳು.

ದಿವ್ಯಾ ನೆಲದ ಮೇಲೆ ಕುಳಿತು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. ಕಾಲರಿನ ರಟ್ಟು ತೆಗೆದಳು. ನಾಲ್ಕು ವರ್ಷದ ಮಡಿಕೆಗಳನ್ನು ಅಂಗೈಯಿಂದ ತೀಡಿದಳು, ಅವು ಹೋಗಲಿಲ್ಲ. ಆಮೇಲೆ ಎದ್ದು, ಅಂಗಿಯನ್ನು ಎಡತೋಳಿನ ಮೇಲೆ ಹಾಕಿಕೊಂಡು, ಅದರ ತೋಳಿನ ತುದಿಯನ್ನು ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ತಲೆ ತಗ್ಗಿಸಿ, ಮದುಮಗಳ ಹಾಗೆ ಸಣ್ಣ ಹೆಜ್ಜೆ ಇಡುತ್ತ ನಡುಮನೆಯ ದೀಪದ ಕಡೆಗೆ ಹೊರಟಳು.

ಬಾಗಿಲ ಹತ್ತಿರ ಇಕ್ಕಟ್ಟಾಗಿತ್ತು. ಅಲ್ಲಿ ನಿಂತಿದ್ದ ರತ್ನಕ್ಕ ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಸೀರೆ ಒಟ್ಟುಮಾಡಿ ಹಿಡಿದು, ಇಬ್ಬರು ಹೋಗುವಷ್ಟು ದಾರಿ ಬಿಟ್ಟಳು.